ಬೆಲ್ಟ್ ಮಾದಪ್ಪನ ಚೈನ್ ಗಾಡಿ

ಮಧುವನಹಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಪುಟ್ಟಮಾದಪ್ಪನಿಗೆ ಬೆಲ್ಟ್ ಮಾದಪ್ಪ ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷವಾದರೂ ಆಗಿರಬೇಕು. ಊರವರನ್ನು ದೂರುವಂತಿಲ್ಲ, ಅವನೇ ಕೇಳಿ ಪಡೆದ ಹೆಸರು ಅದು. ಮೋಟರಿನಿಂದ ಬೀಸುವ ಕಲ್ಲಿಗೆ ಓಡುವ ಬೆಲ್ಟಿನ ವಿಷಯದಲ್ಲಿ ಕೊಳ್ಳೇಗಾಲದಿಂದ ಹನೂರಿನ ತನಕ ತನ್ನಷ್ಟು ತಿಳಿದವರು ಇಲ್ಲವೆಂದು ಅವನ ಎಣಿಕೆ. ಆ ಎಣಿಕೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ರಾಗಿ ಬೀಸಿಸಲು ಬಂದವರು ಹಿಟ್ಟು ಬೀಳುವವರೆಗೆ ಎಲ್ಲಿಗೂ ಹೋಗುವಂತಿಲ್ಲವಲ್ಲ, ಅವರಿಗೆಲ್ಲ ಬೆಲ್ಟಿನ ಪಾಠವಾಗುತ್ತಿತ್ತು. ಪಾಠದ ಕೊನೆಗೆ ಒಂದು ಡಬ್ಬಿ ಹೊರಗೆ ಬರುತ್ತಿತ್ತು. ಹರಳೆಣ್ಣೆಯಲ್ಲಿ ರಾಳ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದ ಮೇಣ ಅದು, ಅವನ ಅಪ್ಪನ ಕಾಲದ ಮನೆಮದ್ದು. ಬೆಲ್ಟು ಕಿರುಗುಟ್ಟಿದಾಗ ಒಳಮೈಗೆ ಎರಡು ಬೆರಳಷ್ಟು ಸವರಿದರೆ ಆಮೇಲೆ ಜಾರುತ್ತಿರಲಿಲ್ಲ, ಸದ್ದೂ ಮಾಡುತ್ತಿರಲಿಲ್ಲ.

ಗಿರಣಿಯೊಳಗೆ ಮೂವತ್ತನಾಲ್ಕು ವರ್ಷ ನಿಂತು ಅವನ ಕಿವಿ ಮಂದವಾಗಿತ್ತು. ಅದನ್ನು ಅವನು ಒಪ್ಪುತ್ತಿರಲಿಲ್ಲ; ಈಚೀಚೆಗೆ ಜನ ಬಾಯೊಳಗೇ ಮಾತಾಡುತ್ತಾರೆ ಎನ್ನುತ್ತಿದ್ದ. ಅವನ ಹೆಂಡತಿ ಶಿವರತ್ನಮ್ಮ ಸಾರಿಗೆ ಉಪ್ಪು ಸಾಕೇ ಎಂದು ಗಂಡನನ್ನು ಕೇಳಿದರೆ ಮೂರನೆಯ ಮನೆಯವರು ಸಾಕು ಎನ್ನುವಂತಿತ್ತು. ಮನೆಯ ಮಾತನ್ನೆಲ್ಲ ಹೀಗೆ ಬೀದಿಗೆ ಕೇಳುವಂತೆ ಕೂಗಲಾರದೆ ಆಕೆ ಬರಬರುತ್ತ ಮಾತನ್ನೇ ಕಡಿಮೆ ಮಾಡಿದ್ದಳು. ಊಟಕ್ಕೇಳಿ, ಕರೆಂಟು ಬಂತು, ಅಳಿಯಂದಿರು ಫೋನ್ ಮಾಡಿದ್ದರು, ದಿನಕ್ಕೆ ಇಷ್ಟಾದರೆ ಹೆಚ್ಚು.

ಅವರಿಬ್ಬರ ವಿಷಯದಲ್ಲಿ ಊರಿಗೆ ಗೊತ್ತಿದ್ದ ಇನ್ನೊಂದು ಸಂಗತಿಯೆಂದರೆ ಗಂಡ ಹೆಂಡತಿ ಒಟ್ಟಿಗೆ ಎಲ್ಲಿಗೂ ಹೋಗುತ್ತಿರಲಿಲ್ಲ. ಜಗಳವೇನೂ ಇಲ್ಲ. ಮದುವೆಗೋ ನಾಮಕರಣಕ್ಕೋ ಹೊರಟರೆ ಅವನು ಬೈಕಿನಲ್ಲಿ, ಆಕೆ ಬಸ್ಸಿನಲ್ಲಿ. ಇದು ಇಪ್ಪತ್ತೊಂಬತ್ತು ವರ್ಷದ ಪದ್ಧತಿ. ಮದುವೆಯಾದ ಎರಡನೆಯ ವರ್ಷ ಹನೂರಿನಿಂದ ಬರುವಾಗ, ಕಾಮಗೆರೆ ದಾಟಿದ ಮೇಲೆ, ಶಿವರತ್ನಮ್ಮನ ಸೆರಗು ಬೈಕಿನ ಚೈನಿಗೆ ಸಿಕ್ಕಿ ಆಕೆ ಬಿದ್ದಿದ್ದಳು. ಚೈನಿನ ಕವರು ಗಲಗಲ ಎನ್ನುತ್ತದೆಂದು ಹಿಂದಿನ ವಾರವಷ್ಟೇ ಅವನು ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದ. ಆ ಕಥೆಯನ್ನು ಪುಟ್ಟಮಾದಪ್ಪನ ಬಾಯಲ್ಲೇ ಕೇಳಬೇಕು. ಒಂದು ಲಿಂಕೂ ಬಿಚ್ಚದೆ, ಬ್ಲೇಡೂ ಮುಟ್ಟಿಸದೆ, ಚಕ್ರವನ್ನು ಹಲ್ಲು ಹಲ್ಲಾಗಿ ಹಿಂದಕ್ಕೆ ತಿರುಗಿಸಿ ಧಾರೆ ಸೀರೆಯ ಸೆರಗನ್ನು ಹೇಗೆ ಬಿಡಿಸಿದೆನೆಂದು ಕೈಯಲ್ಲಿ ತೋರಿಸಿ ಹೇಳುತ್ತಿದ್ದ. "ಅರ್ದಿದ್ದು ಒಂದ್ ಗೇಣು, ಅಷ್ಟೆಯ" ಎಂದು ಮುಗಿಸುತ್ತಿದ್ದ. ಅಂದಿನಿಂದ ಆಕೆ ಬೈಕು ಹತ್ತಲಿಲ್ಲ. ಚೈನೆಂದರೆ ಹೆದರಿಕೆ ಎಂದು ಅವನು ತಿಳಿದ, ಅವನು ತಿಳಿದದ್ದನ್ನೇ ಊರೂ ತಿಳಿಯಿತು.

ಹೋದ ವರ್ಷ ಕೊಳ್ಳೇಗಾಲದಲ್ಲಿ ಕರೆಂಟಿನ ಬೈಕು ಮಾರುವ ಅಂಗಡಿಯೊಂದು ಶುರುವಾಯಿತು. ಗಿರಣಿಗೆ ಫ್ಯೂಸ್ ವೈರು ತರಲು ಹೋಗಿದ್ದ ಪುಟ್ಟಮಾದಪ್ಪ ಸುಮ್ಮನೆ ಇಣುಕಿದವನು ಒಂದು ಬೈಕಿನ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಏಳಲೇ ಇಲ್ಲ. ಚೈನು ಇರಬೇಕಾದ ಜಾಗದಲ್ಲಿ ಕಪ್ಪಗೆ, ಒಳಮೈಯೆಲ್ಲ ಹಲ್ಲು ಹಲ್ಲಾಗಿ ಒಂದು ಬೆಲ್ಟು. ತನ್ನ ಜೀವಮಾನದ ವಿದ್ಯೆಯನ್ನು ಯಾರೋ ದೂರದವರು ಗುರುತಿಸಿ ಗೌರವಿಸಿದ ಹಾಗಾಯಿತು ಅವನಿಗೆ. ಅಂಗಡಿಯ ಹೆಣ್ಣುಮಗಳು ಬ್ಯಾಟರಿಯ ಬಗ್ಗೆ ಹೇಳಲು ಹೊರಟರೆ ಅವನು ಅವಳಿಗೇ ಬೆಲ್ಟಿನ ಬಗ್ಗೆ ಹೇಳಿದ. ವಾರದೊಳಗೆ ಬೈಕು ಮನೆಗೆ ಬಂತು.

"ಬಾ ಇಲ್ಲಿ, ನೀನೇ ನೋಡು. ಸೆರಗು ಎಲ್ಲಾದ್ರೂ ಸಿಕ್ಕಾಕತದಾ ಏಳು. ನಿಂಗ ಸರಿ ಕಂಡ್ರ ಕೂತ್ಕ, ಇಲ್ದಿದ್ರ ವಾಪಸ್ ಕೊಟ್ಬುಟ್ಟು ಬತ್ತೀನಿ" ಎಂದು ಹೆಂಡತಿಯನ್ನು ಅಂಗಳಕ್ಕೆ ಕರೆದ.

ಶಿವರತ್ನಮ್ಮ ಚಕ್ರವನ್ನು ನೋಡಿದಳು. ಗಂಡನ ಮುಖವನ್ನು ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಒಳಗೆ ಹೋಗಿ ಮುಖ ತೊಳೆದು, ಬೇರೆ ಸೀರೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಳು.

ಆ ಸೀಮೆಯಲ್ಲಿ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಪುಟ್ಟಮಾದಪ್ಪ ಗಿರಣಿಯ ಕಲ್ಲಿಗೂ ಅಂದು ಬಿಡುವು ಕೊಡುತ್ತಿದ್ದ. ಹೀಗಾಗಿ ಎಂಟು ತಿಂಗಳು ಪ್ರತಿ ಸೋಮವಾರ ತಿರುಗಾಟ. ಅಗರದಲ್ಲಿದ್ದ ಮಗಳು ಶೃತಿಯ ಮನೆಗೆ, ಯಳಂದೂರಿಗೆ, ಒಂದೆರಡು ಸಲ ಹನೂರಿಗೆ. ಬೈಕಿಗೆ ಸದ್ದೇ ಇರಲಿಲ್ಲ, ಹಿಂದೆ ಕೂತವಳ ಬಾಯಿ ಮುಂದೆ ಕೂತವನ ಕಿವಿಗೆ ಹತ್ತಿರ. ಮೊದಲ ಸೋಮವಾರ ಆಕೆ ಈ ಸಲ ಕಬ್ಬು ಚೆನ್ನಾಗಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಅವನು ಹೌದು ಎಂದ. ಕೂಗದೆ ಆಡಿದ ಮಾತು ಗಂಡನಿಗೆ ಕೇಳಿಸಿತೆಂದು ಗೊತ್ತಾದದ್ದೇ ತಡ, ವರ್ಷಗಟ್ಟಲೆ ಒಳಗಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಅತ್ತೆ ಬೆಲ್ಲವನ್ನು ಕದ್ದಿಟ್ಟು ಯಾರಿಗೆ ಕೊಡುತ್ತಿದ್ದರು, ಶೃತಿ ಏಳನೇ ಕ್ಲಾಸಿನಲ್ಲಿ ಬಸ್ ಕಂಡಕ್ಟರ್ ಆಗುತ್ತೇನೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟದ್ದು, ತಾನು ಕೊಳ್ಳೇಗಾಲಕ್ಕೆ ಹೊಲಿಗೆ ಕಲಿಯಲು ಹೋಗಬೇಕೆಂದುಕೊಂಡು ಸುಮ್ಮನಾದದ್ದು. ಇದೆಲ್ಲ ನಡೆಯುವಾಗ ತಾನು ಎಲ್ಲಿದ್ದೆ ಎಂದು ಅವನಿಗೆ ಆಶ್ಚರ್ಯವಾಗುತ್ತಿತ್ತು. ಗಿರಣಿಯಲ್ಲಿದ್ದ, ಇನ್ನೆಲ್ಲಿ. ದಾರಿ ಬೇಗ ಮುಗಿಯದಿರಲೆಂದು ಇಪ್ಪತ್ತೈದರ ಮೇಲೆ ಓಡಿಸುತ್ತಿರಲಿಲ್ಲ. ಉಳಿದದ್ದನ್ನೂ ಹೇಳಿಬಿಡಬೇಕು. ಐವತ್ತೆಂಟನೆಯ ವಯಸ್ಸಿನಲ್ಲಿ ಪುಟ್ಟಮಾದಪ್ಪನಿಗೆ ಹೆಂಡತಿಯ ಮೇಲೆ ಹೊಸದಾಗಿ ಮನಸ್ಸಾಗಿತ್ತು. ಅದನ್ನು ಯಾರ ಮುಂದೆಯೂ ಹೇಳಲಾರದೆ, ಗಾಡಿ ಚೆನ್ನಾಗಿ ಮೈಲೇಜ್ ಕೊಡುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ.

ಬೇಸಿಗೆಗೆ ಬೆಲ್ಟು ಕಿರುಗುಟ್ಟತೊಡಗಿತು. ಹಿಂದೆ ಕೂತವಳ ಮಾತಿಗೆ ಅದು ಅಡ್ಡ ಬರುತ್ತಿತ್ತು. ಗಾಡಿಯ ಜೊತೆ ಕೊಟ್ಟಿದ್ದ ಪುಸ್ತಕದಲ್ಲಿ ಬೆಲ್ಟಿಗೆ ಎಣ್ಣೆ, ಗ್ರೀಸು ಸೋಕಿಸಬಾರದೆಂದು ಚಿತ್ರ ಸಮೇತ ಅಚ್ಚು ಹಾಕಿದ್ದರು. ಪುಸ್ತಕ ಬರೆದವನು ಗಿರಣಿ ಕಂಡವನಲ್ಲ ಎಂದು ಪುಟ್ಟಮಾದಪ್ಪ ತೀರ್ಮಾನಿಸಿದ. ಡಬ್ಬಿ ಹೊರಗೆ ಬಂತು. ಎರಡು ಬೆರಳು ಮೇಣ ಸವರಿದ, ಬೆಲ್ಟು ತೆಪ್ಪಗಾಯಿತು. ಮುಂದಿನ ವಾರ ಮತ್ತೆ ಕಿರುಗುಟ್ಟಿತು, ಇವನು ನಾಲ್ಕು ಬೆರಳು ಸವರಿದ. ಹೀಗೆ ತಿಂಗಳು ಕಳೆಯಿತು. ಆಮೇಲೊಂದು ಗುರುವಾರ ಅವನೊಬ್ಬನೇ ಹನೂರಿಗೆ ಹೋಗಿದ್ದಾಗ, ರಸ್ತೆ ಅಗಲ ಮಾಡಲು ಜಲ್ಲಿ ಸುರಿದಿದ್ದ ಕಡೆ, ಬೆಲ್ಟು ಮೇಣದ ತುಂಬ ಜಲ್ಲಿಪುಡಿ ಮೆತ್ತಿಕೊಂಡು, ಹಲ್ಲು ಕಿತ್ತು, ಕೊನೆಗೆ ತುಂಡಾಯಿತು. ಬೆಲ್ಟ್ ಮಾದಪ್ಪನನ್ನು ಅವನ ಬೈಕಿನ ಸಮೇತ ಟೊಮೇಟೊ ಟೆಂಪೋದಲ್ಲಿ ಹೇರಿಕೊಂಡು ಬಂದು ಗಿರಣಿಯ ಮುಂದೆ ಇಳಿಸಿದರು. ಇಳಿಸುವಾಗ ಯಾರೂ ನಗಲಿಲ್ಲ; ನಗುವುದನ್ನು ಟೀ ಅಂಗಡಿಗೆ ಇಟ್ಟುಕೊಂಡಿದ್ದರು.

ಬೆಲ್ಟು ದೂರದ ಕಂಪನಿಯಿಂದಲೇ ಬರಬೇಕು, ಎಂದು ಬರುವುದೋ ಹೇಳಲಾಗದು ಎಂದರು ಅಂಗಡಿಯವರು. ಸೋಮವಾರಗಳು ಬಂದವು, ಹೋದವು. ಶಿವರತ್ನಮ್ಮ ಮತ್ತೆ ಕೈಯಲ್ಲಿ ಚೀಲ ಹಿಡಿದು ಬಸ್‌ಸ್ಟಾಪಿಗೆ ನಡೆದಳು. "ಬತ್ತೀನಿ" ಎಂದಷ್ಟೇ ಹೇಳಿ ಹೋಗುತ್ತಿದ್ದಳು. ಬಂದ ಮೇಲೆ ಮಗಳ ಮನೆಯ ಸುದ್ದಿಯನ್ನು ಎರಡೇ ಮಾತಿನಲ್ಲಿ ಕೂಗಿ ಹೇಳಿ ಒಲೆಯ ಹತ್ತಿರ ಹೋಗುತ್ತಿದ್ದಳು. ಉಳಿದದ್ದೆಲ್ಲ ಆಕೆಯ ಹೊಟ್ಟೆಯಲ್ಲೇ ಉಳಿಯುತ್ತಿತ್ತೆಂದು ಅವನಿಗೆ ಈಗ ಗೊತ್ತು. ಮೊದಲು ಗೊತ್ತಿಲ್ಲದಿದ್ದುದರಿಂದ ನಡೆದುಹೋಗಿತ್ತು, ಈಗ ತಡೆಯಲಾಗಲಿಲ್ಲ. ನಾಲ್ಕನೆಯ ಸೋಮವಾರ ಅವನು ಬೈಕನ್ನು ಒಂದು ಗೂಡ್ಸ್ ಆಟೋಗೆ ಹತ್ತಿಸಿ ಕೊಳ್ಳೇಗಾಲದಲ್ಲಿ ಲೇಥು, ವೆಲ್ಡಿಂಗ್ ಇಟ್ಟುಕೊಂಡಿದ್ದ ರುದ್ರಸ್ವಾಮಿಯ ಶೆಡ್ಡಿಗೆ ಹೋದ.

ರುದ್ರಸ್ವಾಮಿ ತುಂಡು ಬೆಲ್ಟನ್ನು ಎತ್ತಿ ನೋಡಿದ, ಮೂಗಿನ ಹತ್ತಿರ ಹಿಡಿದ. "ಇದೇನ ಮಾದಪ್ಪಣ್ಣ, ಬಾಣ್ತಿ ಮನೆ ವಾಸ್ನ ಬತ್ತಾದ" ಎಂದ.

"ವಸಿ ಮೇಣ ಆಕಿದ್ದೆ."

"ಅಲ್ಲ ಕಣಣ್ಣ, ಇದು ಹಲ್ಲಿರ ಬೆಲ್ಟು. ಗಿರಣಿ ಬೆಲ್ಟು ಜಾರ್ತದ, ಮೇಣ ಆಕ್ತಿಯ. ಜಾರ್ದೇ ಇರದ್ಕ ಅಂಟು ಬಳ್ದು ಏನ್ ಮಾಡ್ದೆ ನೀನು? ರೋಡ್ಲಿರ ಜಲ್ಲಿನೆಲ್ಲ ನುಂಗುಸ್ಬುಟ್ಟಿದ್ದಿ."

ಮೂವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಪುಟ್ಟಮಾದಪ್ಪ ಬೆಲ್ಟಿನ ಪಾಠವನ್ನು ಬೇರೆಯವರಿಂದ ಹೇಳಿಸಿಕೊಂಡ. ರುದ್ರಸ್ವಾಮಿಯೂ ಹೆಚ್ಚು ಎಳೆಯಲಿಲ್ಲ. "ಒಸ ಬೆಲ್ಟು ಬರಗಂಟ ಕಾಯ್ತಿಯೋ, ಚೈನ್ ಆಕೊಡ್ಲೋ? ಮೂರ್ ದಿನದ್ ಕೆಲ್ಸ. ಚೈನು ಯಾವೂರ್ಲಿ ಕಿತ್ತೋದ್ರು ಆ ಊರ್ಲೇ ಸಿಕ್ತದ" ಎಂದ.

ಪುಟ್ಟಮಾದಪ್ಪ ಲೆಕ್ಕ ಹಾಕಿದ. ಚೈನು ಹಾಕಿಸಿದರೆ ಶಿವರತ್ನಮ್ಮ ಕೂರುವುದಿಲ್ಲ. ಹಾಕಿಸದಿದ್ದರೆ ಕೂರಲು ಗಾಡಿಯೇ ಇಲ್ಲ. ಎರಡು ಟೀ ಕುಡಿದು ಯೋಚಿಸಿ ಒಂದು ಉಪಾಯ ಕಂಡುಕೊಂಡ. ಚೈನು ಹಾಕಿಸುವುದು, ಹೇಳದೇ ಇರುವುದು.

ಮೂರು ದಿನವೂ ಅವನು ಶೆಡ್ಡಿನಲ್ಲೇ ಕೂತ. ರುದ್ರಸ್ವಾಮಿ ಮೋಟರಿನ ಹಲ್ಲುಗಾಲಿಯನ್ನು ಲೇಥಿಗೆ ಕಚ್ಚಿಸಿ ಬೆಲ್ಟಿನ ಹಲ್ಲನ್ನೆಲ್ಲ ಕೆತ್ತಿ ತೆಗೆದು, ಉಳಿದ ದುಂಡು ತುಂಡಿಗೆ ಚೈನು ಕಚ್ಚುವ ಸಣ್ಣದೊಂದು ಹಲ್ಲುಚಕ್ರ, ಸ್ಪ್ರಾಕೆಟ್ಟನ್ನು ಬೆಸೆದ. ಹಿಂದಿನ ಚಕ್ರಕ್ಕೆ ಹಳೆಯ ಬೈಕಿನ ದೊಡ್ಡ ಸ್ಪ್ರಾಕೆಟ್ ಕೂರಿಸಲು ದಪ್ಪ ಪ್ಲೇಟಿನಲ್ಲಿ ಐದು ತೂತು ಕೊರೆದ. ಎರಡೂ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಹಿಡಿದು ನೋಡಿ, ಕೂದಲೆಳೆಯಷ್ಟು ಸೊಟ್ಟ ಕಂಡದ್ದಕ್ಕೆ ಬಿಚ್ಚಿ ಮತ್ತೆ ಕೂರಿಸಿದ. ಪುಟ್ಟಮಾದಪ್ಪ ಕೇಳಿದ್ದು ಒಂದೇ, ಕವರು.

"ಇಷ್ಟು ದೊಡ್ಡ ಕವರ್ ಯಾಕಣ್ಣ? ಸಂದೂಕ ಆಗೋಯ್ತದ."

"ಒಂದ್ ಎಳೆ ದಾರ ಒಳಿಕ್ಕ ಓಗ್ಬಾರ್ದು. ಒಳಗ ಏನದ ಅಂತ ಕಾಣ್ಲೂಬಾರ್ದು."

ರುದ್ರಸ್ವಾಮಿ ಸುತ್ತಿಗೆ ಕೆಳಗಿಟ್ಟು ಅವನ ಮುಖ ನೋಡಿದ. "ಅಕ್ಕೋರಿಗ ಏಳಿಲ್ವಾ?"

"ನಿನ್ ಕೆಲ್ಸ ನೀನ್ ನೋಡ್ಲಾ" ಎಂದ ಪುಟ್ಟಮಾದಪ್ಪ.

ತಗಡಿನ ಕವರು ಸುತ್ತ ಮುಚ್ಚಿಕೊಂಡು ಕೂತಿತು. ಕಪ್ಪು ಬಣ್ಣ ಹೊಡೆಸಿದ್ದಾಯಿತು. ಸದ್ದನ್ನು ಮಾತ್ರ ಮುಚ್ಚಲಾಗಲಿಲ್ಲ. ತಗಡಿನೊಳಗೆ ಚೈನು ಯಾರೋ ಕಡಲೆ ಹುರಿಯುತ್ತಿರುವಂತೆ ಚಟಪಟ ಎನ್ನುತ್ತಿತ್ತು. ತನಗೆ ಇಷ್ಟು ಕೇಳಿಸುತ್ತಿದೆಯೆಂದರೆ ಕಿವಿ ನೆಟ್ಟಗಿರುವವರಿಗೆ ಎಷ್ಟು ಕೇಳಿಸಬಹುದೆಂದು ಯೋಚಿಸಲು ಅವನು ಇಷ್ಟಪಡಲಿಲ್ಲ. ಮನೆಗೆ ಬಂದು ಬೆಲ್ಟು ಬಂತು ಎಂದ. ಶಿವರತ್ನಮ್ಮ "ಬಂತಾ" ಎಂದಳು. ಅವನ ಅಂಗಿ ತೆಗೆದುಕೊಂಡು ಒಗೆಯಲು ಹೋದಳು.

ಸೋಮವಾರ ಬೆಳಗ್ಗೆ ಅಗರಕ್ಕೆ ಹೊರಟರು. ಶಿವರತ್ನಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು. ಪುಟ್ಟಮಾದಪ್ಪ ಮೈಯೆಲ್ಲ ಕಿವಿಯಾಗಿ ಗಾಡಿ ಓಡಿಸಿದ. ಹಿಂದಿನಿಂದ ಒಂದು ಮಾತಿಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಬಂತು, ಮಾತಿಲ್ಲ. ಊರು ದಾಟಿ ಯಳಂದೂರು ರಸ್ತೆಗೆ ಬಿದ್ದರು, ಆಗಲೂ ಮಾತಿಲ್ಲ. ಅವನೇ ಕಬ್ಬಿನ ಸುದ್ದಿ ಎತ್ತಿದ. "ಊಂ" ಎಂದಳು. ಮೊಮ್ಮಗನ ಹಲ್ಲಿನ ಸುದ್ದಿ ಎತ್ತಿದ. ಅದಕ್ಕೂ ಊಂ.

"ಒಸ ಬೆಲ್ಟಲ್ವಾ" ಎಂದ ಕೊನೆಗೆ. "ಪಳಗಗಂಟ ವಸಿ ಸದ್ ಮಾಡ್ತದ."

"ಯಾವ ಬೆಲ್ಟು?" ಎಂದಳು ಶಿವರತ್ನಮ್ಮ.

ಅವನು ಗಾಡಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿದ. ಆಕೆ ಇಳಿದಳು, ಅವನೂ ಇಳಿದ. ಈಗ ಆಕೆ ಕೂಗಲೇಬೇಕಾಗಿತ್ತು, ಆದರೂ ಕೂಗಲಿಲ್ಲ. ಹತ್ತಿರ ಬಂದು ಹೇಳಿದಳು.

"ಮೂವತ್ ವರ್ಸ ನಿಮ್ ಬಟ್ಟೆ ಒಗ್ದಿವ್ನಿ. ಗಿರಣಿ ಇಟ್ಟಾಗಿರ ಅಂಗಿ ಯಾವ್ದು, ಗ್ರೀಸಾಗಿರ ಅಂಗಿ ಯಾವ್ದು ನಂಗ ಗೊತ್ತಾಗಕಿಲ್ವಾ? ಚೈನ್ ಆಕ್ಸಿದ್ದರಿ."

"ಗೊತ್ತಿದ್ದೂ ಕೂತಿದ್ದಿಯಲ್ಲ. ಎದ್ರಿಕ ಆಗ್ನಿಲ್ವಾ?"

"ಯಾತಕ್ಕ?"

"ಚೈನಿಗ."

"ನಾನ್ಯಾವತ್ತು ಚೈನಿಗ ಎದ್ರಿಕಂಡಿದ್ದು? ಅಂಗಂತ ನಾನ್ ಏಳಿದ್ನಾ? ನೀವೇ ಅಂದ್ಕಂಡ್ರಿ, ನೀವೇ ಊರ್ಗೆಲ್ಲ ಏಳುದ್ರಿ." ಶಿವರತ್ನಮ್ಮ ದನಿ ಏರಿಸದೆ ಹೇಳುತ್ತ ಹೋದಳು. "ಅವತ್ತು ನಾನ್ ಬಿದ್ದಾಗ ನೀವು ಓಡ್ಬಂದ್ರಿ. ಬಂದು ಚೈನ್ ತಾವ ಕುಕ್ಕರ್ಸ್ಕಂಡ್ರಿ. ಸೆರಗು ಚೈನ್ಲಿ, ನಾನು ರೋಡ್ಲಿ. ನೀವು ಚಕ್ರ ತಿರುಗುಸ್ತಾ ಕೂತಿದ್ರಿ. ಇಪ್ನೇರ್ಳೆ ಸೊಪ್ಪು ಕುಯ್ತಿದ್ದ ಎಂಗ್ಸೊಬ್ಳು ಬಂದು ನನ್ ಎತ್ತಿ ಕೂರ್ಸುದ್ಳು. ಪೆಟ್ಟಾಯ್ತಾ ಮಗ ಅಂತ ಕೇಳುದ್ಳು. ನೀವ್ ಕೇಳ್ನಿಲ್ಲ. ಅವತ್ತೂ ಕೇಳ್ನಿಲ್ಲ, ಆಮೇಲೂ ಕೇಳ್ನಿಲ್ಲ. ಅದ್ಕ ಕೂರ್ನಿಲ್ಲ ನಾನು."

ಪುಟ್ಟಮಾದಪ್ಪ ತಗಡಿನ ಕವರಿನ ಕಡೆ ನೋಡಿದ.

"ಈ ಗಾಡಿ ತಂದಾಗ ಮೊದ್ಲು ನನ್ನ ಕರ್ದು ಕೇಳುದ್ರಿ, ನಿಂಗ ಸರಿ ಕಂಡ್ರ ಕೂತ್ಕ ಅಂತ. ಕೂತೆ. ಈಗ್ಲೂ ಚೈನ್ ಆಕುಸ್ಲಾ ಅಂತ ಒಂದ್ ಮಾತು ಕೇಳಿದ್ರ, ಆಕ್ಸಿ ಅಂತಿದ್ದೆ. ಸುಳ್ ಏಳುದ್ರಿ. ಏನ್ ಮಾತಾಡ್ಲಿ ನಿಮ್ ತಾವ?"

ಅವನು ಆ ದಿನವನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಚೈನು ನೆನಪಿತ್ತು. ಯಾವ ಹಲ್ಲಿಗೆ ಜರಿ ಸುತ್ತಿತ್ತು, ಎಷ್ಟು ಸಲ ತಿರುಗಿಸಿದ ಮೇಲೆ ಬಿಟ್ಟುಕೊಂಡಿತು, ಎಲ್ಲ ನೆನಪಿತ್ತು. ಇಪ್ಪತ್ತೊಂಬತ್ತು ವರ್ಷ ಅದನ್ನೇ ಹೇಳಿದ್ದನಲ್ಲ. ಆದರೆ ಆಕೆ ಎಲ್ಲಿ ಬಿದ್ದಿದ್ದಳು, ಅಳುತ್ತಿದ್ದಳೇ, ಮುಖ ಹೇಗಿತ್ತು, ಏನೆಂದರೆ ಏನೂ ನೆನಪಾಗಲಿಲ್ಲ. ಸೊಪ್ಪು ಕೊಯ್ಯುವ ಹೆಂಗಸು ಬಂದದ್ದೇ ಅವನಿಗೆ ಗೊತ್ತಿರಲಿಲ್ಲ. ಅಲ್ಲಿ ನಿಂತಿದ್ದ ಹಾಗೆಯೇ ಅವನಿಗೆ ಬಹಳ ನಾಚಿಕೆಯಾಯಿತು.

"ಪೆಟ್ಟಾಗಿತ್ತಾ?" ಎಂದು ಕೇಳಿದ.

ಗಿರಣಿಯವನ ದನಿ, ಮೆಲ್ಲಗೆ ಕೇಳಿದೆನೆಂದುಕೊಂಡರೂ ಆಚೆ ಗದ್ದೆಯಲ್ಲಿ ನೀರು ಕಟ್ಟುತ್ತಿದ್ದವನು ತಲೆಯೆತ್ತಿ ನೋಡಿದ.

ಶಿವರತ್ನಮ್ಮ ಬಲಗೈಯ ಕುಪ್ಪಸದ ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿ ಮೊಣಕೈ ತೋರಿಸಿದಳು. ಅಲ್ಲಿ ಹುಣಸೆ ಬೀಜದಷ್ಟು ಅಗಲದ ಮಚ್ಚೆಯಂಥ ಕಲೆಯಿತ್ತು. ಅದನ್ನು ಅವನು ನೋಡಿರಲಿಲ್ಲವೆಂದಲ್ಲ. ರೊಟ್ಟಿ ಹಂಚು ತಗುಲಿದ್ದಿರಬೇಕು ಎಂದುಕೊಂಡಿದ್ದ.

"ಆಗಿತ್ತು" ಎಂದಳು. "ಒಂದ್ ತಿಂಗ್ಳು ಈ ಕೈ ಮಡ್ಚಕ್ಕಾಗ್ತಿರ್ನಿಲ್ಲ. ಎಡಗೈಲಿ ರೊಟ್ಟಿ ತಟ್ತಿದ್ದೆ. ರೊಟ್ಟಿ ಯಾಕ ಸೊಟ್ಟ ಅದೆ ಅಂತ ಕೇಳುದ್ರಿ ನೀವು. ಅದನ್ ಕೇಳುದ್ರಿ."

ಅವನು ಅವಳ ಮೊಣಕೈಯನ್ನು ಒಂದು ಸಲ ಮುಟ್ಟಿದ. "ತಪ್ಪಾಯ್ತು ಕಣಮ್ಮಿ" ಎಂದ. ಈ ಸಲ ಗದ್ದೆಯವನಿಗೆ ಕೇಳಿಸಲಿಲ್ಲ.

ಆಕೆ ತೋಳು ಸರಿಮಾಡಿಕೊಂಡಳು. "ಓಡ್ಸಿ, ಮಗ ಕಾಯ್ತಳ" ಎಂದು ಮಗಳ ಮನೆಯನ್ನು ನೆನಪಿಸಿ ಹಿಂದೆ ಹತ್ತಿ ಕೂತಳು.

ಗಾಡಿ ಹೊರಟಿತು, ಚೈನು ಚಟಪಟ ಎನ್ನತೊಡಗಿತು. ಸ್ವಲ್ಪ ದೂರ ಹೋದ ಮೇಲೆ ಶಿವರತ್ನಮ್ಮ ಏನೋ ಹೇಳಿದಳು, ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. "ಆಂ?" ಎಂದ. ಆಕೆ ಮುಂದಕ್ಕೆ ಸರಿದು, ಅವನ ಭುಜದ ಮೇಲೆ ಕೈಯಿಟ್ಟು, ಕಿವಿಯ ಪಕ್ಕಕ್ಕೇ ಬಾಯಿ ತಂದು ಮತ್ತೆ ಹೇಳಿದಳು. ಆ ಹೆಂಗಸಿನ ಹೆಸರು ಚಿಕ್ಕಮಾದಮ್ಮ ಅಂತೆ. ಸೊಪ್ಪಿನ ಮೂಟೆ ಅಲ್ಲೇ ಬಿಟ್ಟು ನೀರು ತಂದುಕೊಟ್ಟಳಂತೆ, ಗಾಯಕ್ಕೆ ಯಾವುದೋ ಎಲೆ ಅರೆದು ಹಚ್ಚಿದಳಂತೆ, ನಿನ್ನ ಗಂಡ ಬಲು ಕೆಲಸಗಾರ ಕಣವ್ವ ಎಂದು ನಕ್ಕಳಂತೆ. ಪುಟ್ಟಮಾದಪ್ಪ ಒಂದೊಂದಕ್ಕೂ ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದ. ಅಗರದ ತಿರುವು ಬಂದಾಗ ಆಕೆಯ ಮಾತು ಇನ್ನೂ ಮುಗಿದಿರಲಿಲ್ಲ. ಅವನು ತಿರುಗದೆ ಯಳಂದೂರಿನ ಕಡೆಗೆ ನೇರ ಹೋದ. ಶಿವರತ್ನಮ್ಮ ಅದನ್ನು ನೋಡಿದಳು, ಆದರೆ ಮಾತು ನಿಲ್ಲಿಸಲಿಲ್ಲ.